ಬಿಳಿ ಮೈ, ಕೆಂಪು ಪಟ್ಟಿ: ಮಾದರಿ ರೈಲು ಎಂಜಿನ್‌ಗೆ ಅಸಲಿಯ ಬಣ್ಣ ತರುವ ಬಗೆ

ಒಂದೇ ಶೆಡ್ಡಿಗೆ ಸೇರಿದ ಎರಡು ಡಬ್ಲ್ಯುಎಪಿ-7 ಎಂಜಿನ್‌ಗಳು ಅಕ್ಕಪಕ್ಕ ನಿಂತಾಗ ಗಮನವಿಟ್ಟು ನೋಡಿ. ಎರಡರದ್ದೂ ಬಿಳಿ ಮೈ, ಎರಡರ ಪಕ್ಕೆಯಲ್ಲೂ ಉದ್ದಕ್ಕೆ ಕೆಂಪು ಪಟ್ಟಿ. ಆದರೂ ಒಂದರ ಬಿಳಿ ವರ್ಕ್‌ಶಾಪಿನಿಂದ ಈಗಷ್ಟೇ ಹೊರಬಿದ್ದಂತಿದ್ದರೆ ಇನ್ನೊಂದರ ಬಿಳಿ ಬಿಸಿಲು, ಮಳೆ, ಧೂಳು ತಿಂದು ಮಾಸಿರುತ್ತದೆ. ಒಂದರ ಪಟ್ಟಿ ಕಡುಗೆಂಪು, ಇನ್ನೊಂದರದ್ದು ಕಿತ್ತಳೆಯ ಕಡೆಗೆ ವಾಲಿದೆ. ಸಂಖ್ಯೆ ಬರೆದ ಅಕ್ಷರದ ದಪ್ಪ ಬೇರೆ, ಶೆಡ್ಡಿನ ಗುರುತು ಇರುವ ಜಾಗ ಬೇರೆ. ಮಾದರಿ ಎಂಜಿನ್‌ಗೆ ಬಣ್ಣ ಹಚ್ಚಲು ಹೊರಡುವವರು ಮೊದಲು ಮಾಡಬೇಕಾದ ತೀರ್ಮಾನ ಇಲ್ಲೇ ಇದೆ. ‘ಡಬ್ಲ್ಯುಎಪಿ-7ರ ಬಣ್ಣ’ ಎಂಬ ಒಂದು ಬಣ್ಣ ಎಲ್ಲೂ ಇಲ್ಲ. ಇರುವುದು ಒಂದು ಸಂಖ್ಯೆಯ ಎಂಜಿನ್, ಅದು ಒಂದು ದಿನ ಕಂಡ ರೀತಿ. ಆ ಸಂಖ್ಯೆ, ಆ ದಿನ ಯಾವುದೆಂದು ಗೊತ್ತು ಮಾಡಿಕೊಂಡರೆ ಮುಂದಿನ ನೂರು ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಈ ಎಂಜಿನ್ನನ್ನೇ ಉದಾಹರಣೆಗೆ ಆರಿಸಿಕೊಳ್ಳಲು ಕಾರಣವಿದೆ. ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆ 2000ದ ಹೊತ್ತಿಗೆ ಹೊರತಂದ ವಿದ್ಯುತ್ ಎಂಜಿನ್ ವರ್ಗ ಇದು. ಗೂಡ್ಸ್ ಎಳೆಯುವ ಡಬ್ಲ್ಯುಎಜಿ-9ರ ಗೇರ್ ಅನುಪಾತ ಬದಲಿಸಿ ಪ್ರಯಾಣಿಕರ ರೈಲಿಗೆ ಹೊಂದಿಸಿದ್ದು. ಆರು ಸಾವಿರ ಅಶ್ವಶಕ್ತಿಗೂ ಮೇಲೆ, ಗಂಟೆಗೆ 140 ಕಿ.ಮೀ. ವೇಗ. ಸಂಖ್ಯೆಗಳು 30201ರಿಂದ ಶುರುವಾಗಿ ಮುಂದೆ 37, 39ರ ಸರಣಿಗಳಿಗೂ ಹಬ್ಬಿವೆ. ನಮ್ಮ ಕೃಷ್ಣರಾಜಪುರದ ಶೆಡ್ಡಿನಲ್ಲೂ ಈ ಎಂಜಿನ್‌ಗಳಿವೆ. ಮೈಮೇಲೆ ‘ಕೆಜೆಎಂ’ ಎಂಬ ಗುರುತು ಕಂಡರೆ ಅದು ಅಲ್ಲಿಯದು. ಅಂದರೆ ಬೆಂಗಳೂರಿನವರಿಗೆ ಅಸಲಿ ಎಂಜಿನ್ ದಿನವೂ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಅನುಕೂಲ ಮಾದರಿಕಾರನಿಗೆ ಬೇರೊಂದಿಲ್ಲ. ಇನ್ನೊಂದು ಕಾರಣ, ಬಿಳಿಯ ಮೇಲೆ ಕೆಂಪು ಎಂಬ ಈ ಜೋಡಿ ಬಣ್ಣಗಾರಿಕೆಯಲ್ಲಿ ತುಂಬ ಕಷ್ಟದ್ದು. ಇದನ್ನು ಕಲಿತವರಿಗೆ ಉಳಿದವು ಸಲೀಸು.

ಫೋಟೋದಿಂದ ಶುರು ಮಾಡೋಣ. ಎಂಜಿನ್ನಿನ ಪಕ್ಕೆಯ ನೇರ ಚಿತ್ರ ಎರಡು ಬೇಕು, ಎಡಕ್ಕೊಂದು ಬಲಕ್ಕೊಂದು. ಎರಡು ಪಕ್ಕೆಗಳೂ ಒಂದೇ ಥರ ಇರುತ್ತವೆಂದು ಊಹಿಸಬೇಡಿ. ಗಾಳಿ ಜಾಲರಿ, ಬರಹ, ಕಲೆ ಎಲ್ಲ ಬೇರೆ ಬೇರೆ. ಮೂತಿಯದೊಂದು ಚಿತ್ರ, ಮೇಲ್ಸೇತುವೆಯಿಂದ ತೆಗೆದ ಛಾವಣಿಯದೊಂದು, ಕೆಳಗಿನ ಗಾಲಿ ಚೌಕಟ್ಟಿನದು ಹತ್ತಿರದಿಂದ. ಆದಷ್ಟು ದೂರ ನಿಂತು ಜೂಮ್ ಮಾಡಿ ತೆಗೆದರೆ ಅಂಚುಗಳು ಸೊಟ್ಟಗಾಗುವುದಿಲ್ಲ. ಮೋಡ ಕವಿದ ಬೆಳಕು ಬಣ್ಣ ನೋಡಲು ಒಳ್ಳೆಯದು. ಸಂಜೆಯ ಬಿಸಿಲಿನಲ್ಲಿ ಬಿಳಿ ಎಂಜಿನ್ ಹಳದಿಯಾಗುತ್ತದೆ. ಎಲ್ಲವನ್ನೂ ಪ್ಲಾಟ್‌ಫಾರ್ಮಿನ ಮೇಲೆ, ಅಂಚಿನಿಂದ ಹಿಂದೆ ನಿಂತೇ ತೆಗೆಯಿರಿ. ಒಳ್ಳೆಯ ಕೋನ ಸಿಗಲಿಲ್ಲವೆಂದು ಹಳಿಗಿಳಿಯುವುದು ಬೇಡವೇ ಬೇಡ. ಅದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಅದಕ್ಕೂ ಮಿಗಿಲಾಗಿ ಜೀವದ ಪ್ರಶ್ನೆ.

ಈಗ ಅಳತೆ. ಹೆಚ್ಚು ಜನ ಬಳಸುವುದು ಎಚ್‌ಒ ಅಳತೆ, ಅಂದರೆ 87ರಲ್ಲಿ ಒಂದು ಪಾಲು. ಅಸಲಿ ಎಂಜಿನ್ ಬಫರಿನಿಂದ ಬಫರಿಗೆ ಸುಮಾರು 20.56 ಮೀಟರ್, ಮಾದರಿಯಲ್ಲಿ 236 ಮಿಲಿಮೀಟರ್. ಪಟ್ಟಿಯ ಅಗಲ, ಅಕ್ಷರದ ಎತ್ತರ ಯಾವುದನ್ನೂ ಅಂದಾಜಿನಲ್ಲಿ ಹಾಕದೆ ಚಿತ್ರದಿಂದಲೇ ಲೆಕ್ಕ ತೆಗೆಯಬಹುದು. ಪಕ್ಕೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಬಫರಿನಿಂದ ಬಫರಿಗೆ ಎಷ್ಟು ಪಿಕ್ಸೆಲ್ ಎಂದು ಎಣಿಸಿ. 3000 ಪಿಕ್ಸೆಲ್ ಬಂತೆನ್ನಿ. ಅದನ್ನು 236ರಿಂದ ಭಾಗಿಸಿದರೆ ಮಾದರಿಯ ಒಂದು ಮಿಲಿಮೀಟರಿಗೆ 12.7 ಪಿಕ್ಸೆಲ್. ಚಿತ್ರದಲ್ಲಿ ಪಟ್ಟಿ 100 ಪಿಕ್ಸೆಲ್ ಅಗಲವಿದ್ದರೆ ಮಾದರಿಯಲ್ಲಿ ಅದರ ಅಗಲ, ಅಂದರೆ ಪಟ್ಟಿ ಹಚ್ಚಲು ಅಂಟಿಸುವ ಎರಡು ಟೇಪುಗಳ ನಡುವಿನ ಜಾಗ, 7.9 ಮಿಲಿಮೀಟರ್. ಕೈಯಲ್ಲಿರುವ ಮಾದರಿಯ ಉದ್ದ 236 ಅಲ್ಲದಿದ್ದರೆ ಅದರ ನಿಜವಾದ ಉದ್ದದಿಂದಲೇ ಭಾಗಿಸಿ. ಆಗ ಪಟ್ಟಿ ಮೈಗೆ ಹೊಂದುತ್ತದೆ. ಗಾಲಿಯನ್ನು ಅಳತೆಗೋಲು ಮಾಡಿಕೊಳ್ಳುವವರಿದ್ದಾರೆ. ಅದು ಸರಿಯಲ್ಲ. ಹೊಸ ಗಾಲಿಯ ವ್ಯಾಸ 1092 ಮಿಲಿಮೀಟರ್ ಇದ್ದರೂ ಸವೆದು ಸವೆದು 1016ರವರೆಗೆ ಇಳಿಯುತ್ತದೆ. ನಿಮ್ಮ ಎಂಜಿನ್ನಿನ ಗಾಲಿ ಎಷ್ಟು ಸವೆದಿದೆಯೆಂದು ಚಿತ್ರ ಹೇಳುವುದಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3 ಬರುತ್ತದೆ. ಆದರೆ ಎಚ್‌ಒ ಹಳಿಯ ಅಗಲ 16.5 ಮಾತ್ರ, ಏಕೆಂದರೆ ಅದು 1435 ಮಿಲಿಮೀಟರಿನ ವಿದೇಶಿ ಹಳಿಗಾಗಿ ಆದದ್ದು. ಹಾಗಾಗಿ ಎಚ್‌ಒ ಹಳಿಯ ಮೇಲೆ ನಿಲ್ಲುವ ಭಾರತೀಯ ಮಾದರಿ ಎದುರಿನಿಂದ ಕೊಂಚ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಬಣ್ಣದಿಂದ ಇದನ್ನು ಪೂರ್ತಿ ಮುಚ್ಚಲಾಗದು. ಆದರೂ ಗಾಲಿ ಚೌಕಟ್ಟಿನ ಹೊರಮೈಗೆ ತಿಳಿಯಾದ ಧೂಳುಬಣ್ಣ, ಒಳಗಿನ ಗಾಲಿಗೆ ಗಾಢ ಬಣ್ಣ ಕೊಟ್ಟರೆ ಕಣ್ಣು ಹೊರಗಿನ ಚೌಕಟ್ಟಿನ ಮೇಲೆ ನಿಲ್ಲುತ್ತದೆ.

ಬಣ್ಣ ಹೊಂದಿಸುವ ವಿಷಯಕ್ಕೆ ಬರೋಣ. ಭಾರತೀಯ ಮಾನಕ ಬ್ಯೂರೋದ ಐಎಸ್ 5 ಎಂಬ ಬಣ್ಣಪಟ್ಟಿ ಇದೆ. ಅದರಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ. ಸಿಗ್ನಲ್ ರೆಡ್ ಎಂಬುದಕ್ಕೆ 537. ಇಂಥ ಸಂಖ್ಯೆ ಹಿಡಿದು ಬಣ್ಣದಂಗಡಿಗೆ ಹೋದರೆ ಡಬ್ಬಿ ಸಿಗುತ್ತದೆ, ನಿಜ. ಆದರೆ ಆ ಡಬ್ಬಿಯ ಬಣ್ಣವನ್ನೇ ಮಾದರಿಗೆ ಹಚ್ಚಿದರೆ ಅದು ಅಸಲಿಗಿಂತ ಗಾಢವಾಗಿ, ಆಟಿಕೆಯಂತೆ ಕಾಣುತ್ತದೆ. ಇದಕ್ಕೆ ಕಾರಣ ದೂರ. ಇಪ್ಪತ್ತು ಮೀಟರಿನ ಎಂಜಿನ್ನನ್ನು ನಾವು ಹತ್ತಾರು ಮೀಟರ್ ಆಚೆಯಿಂದ, ಬಯಲ ಬೆಳಕಿನಲ್ಲಿ, ನಡುವಿನ ಗಾಳಿ ಧೂಳುಗಳ ಮೂಲಕ ನೋಡುತ್ತೇವೆ. ಮಾದರಿಯನ್ನು ನೋಡುವುದು ಕೈಯಳತೆಯ ದೂರದಿಂದ, ಕೋಣೆಯ ದೀಪದಲ್ಲಿ. ಆದ್ದರಿಂದ ಬಣ್ಣವನ್ನು ತುಸು ತಿಳಿ ಮಾಡಬೇಕು. ಅಪ್ಪಟ ಬಿಳಿಯ ಬದಲು ಒಂದೆರಡು ಹನಿ ತಿಳಿಬೂದು ಬೆರೆತ ಬಿಳಿ. ಅಪ್ಪಟ ಕಪ್ಪನ್ನು ಹೊರಮೈಯಲ್ಲಿ ಎಲ್ಲೂ ಬಳಸಲೇಬೇಡಿ, ಗಾಢ ಬೂದು ಸಾಕು. ಕೆಂಪನ್ನು ತಿಳಿ ಮಾಡಲು ಬಿಳಿ ಬೆರೆಸಿದರೆ ಗುಲಾಬಿಯಾಗಿ ಕೆಡುತ್ತದೆ. ಅದಕ್ಕೆ ಒಂದಿಷ್ಟು ಕಿತ್ತಳೆ, ಇಲ್ಲವೇ ಕೆನೆಬಣ್ಣ ಬೆರೆಸಬೇಕು.

ಬೆರೆಸಿದ ಬಣ್ಣವನ್ನು ಪ್ಲಾಸ್ಟಿಕ್ ಚೂರೊಂದರ ಮೇಲೆ ಹಚ್ಚಿ, ಒಣಗಿದ ಮೇಲೆ ಎರಡು ಕಡೆ ನೋಡಿ: ಹಗಲು ಕಿಟಕಿಯ ಹತ್ತಿರ, ರಾತ್ರಿ ನಿಮ್ಮ ಮಾದರಿ ಓಡಾಡುವ ಕೋಣೆಯ ಎಲ್‌ಇಡಿ ದೀಪದ ಕೆಳಗೆ. ಹಗಲಲ್ಲಿ ಒಂದೇ ಎನಿಸಿದ ಎರಡು ಕೆಂಪುಗಳು ದೀಪದಡಿ ಬೇರೆಯಾಗಿಬಿಡುವುದುಂಟು. ಬಣ್ಣದ ಪುಡಿಗಳು ಬೇರೆಯಾದ್ದರಿಂದ ಹೀಗಾಗುತ್ತದೆ. ಮಾದರಿ ಎಲ್ಲಿ ಕೂರುತ್ತದೋ ಆ ಬೆಳಕಿನಲ್ಲಿ ಸರಿ ಕಂಡದ್ದೇ ಸರಿ. ಫೋನಿನ ಒಂದೇ ಚಿತ್ರವನ್ನು ಮಾತ್ರ ಎಂದೂ ಪ್ರಮಾಣವೆಂದು ಹಿಡಿಯಬೇಡಿ, ಕ್ಯಾಮರಾ ತನಗೆ ತೋಚಿದಂತೆ ಬಿಳಿಯನ್ನು ತಿದ್ದಿರುತ್ತದೆ. ಐದಾರು ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದಾಗ ನಿಜದ ಹತ್ತಿರ ಹೋಗುತ್ತೇವೆ.

ಇನ್ನು ಮೈ ಸಿದ್ಧಪಡಿಸುವುದು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಭಾರತೀಯ ಮಾದರಿಗಳು ಕಡಿಮೆ, ಹಾಗಾಗಿ ಹಲವರು 3ಡಿ ಮುದ್ರಣದಲ್ಲಿ ಮೈ ಮಾಡಿಸಿ ವಿದೇಶಿ ಮಾದರಿಯೊಂದರ ಮೋಟಾರು ಚಾಸಿಯ ಮೇಲೆ ಕೂರಿಸುತ್ತಾರೆ. ಮುದ್ರಿತ ಮೈಮೇಲೆ ಪದರದ ಗೆರೆಗಳಿರುತ್ತವೆ. 400ರ ಉಪ್ಪುಕಾಗದದಿಂದ ಶುರು ಮಾಡಿ 600, 1000 ಎಂದು ನೀರಿನಲ್ಲಿ ಅದ್ದಿ ಉಜ್ಜಿದರೆ ಅವು ಹೋಗುತ್ತವೆ. ಹಳೆಯ ಬಣ್ಣವಿರುವ ಪ್ಲಾಸ್ಟಿಕ್ ಮೈಯಾದರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸಾಮಾನ್ಯವಾಗಿ ಬಣ್ಣ ಬಿಡುತ್ತದೆ. ಮೊದಲು ಒಳಭಾಗದ ಮೂಲೆಯಲ್ಲಿ ಪರೀಕ್ಷಿಸಿ. ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವ, ಹತ್ತಿರ ಸುಳಿಯಕೂಡದು. ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಮೈಯನ್ನು ಚಾಸಿಯಿಂದ ಬೇರ್ಪಡಿಸಿ, ಗಾಜು, ದೀಪ, ಕೈಪಿಡಿ ಸರಳು, ಪ್ಯಾಂಟೋಗ್ರಾಫ್ ಎಲ್ಲ ಕಳಚಿ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಜಾಗದಲ್ಲಿ ಬಣ್ಣ ಹಿಡಿಯುವುದಿಲ್ಲ.

ಬಿಳಿ ಎಂಜಿನ್ನಿಗೆ ಮೊದಲ ಬಣ್ಣ ಕಪ್ಪು, ಅದೂ ಒಳಮೈಗೆ. ತೆಳು ಪ್ಲಾಸ್ಟಿಕ್ಕಿನ ಬಿಳಿ ಮೈಯೊಳಗೆ ಎಲ್‌ಇಡಿ ಹೆಡ್‌ಲೈಟ್ ಉರಿದರೆ ಮೂತಿಯೆಲ್ಲ ಲಾಟೀನಿನಂತೆ ಬೆಳಗುತ್ತದೆ. ದೀಪ ಕೂರುವ ಜಾಗದ ಸುತ್ತ ಕಪ್ಪು ಬಳಿದು, ಅದರ ಮೇಲೆ ಬೇಕಾದರೆ ಬೂದು ಬಳಿದರೆ ಬೆಳಕು ಸೋರುವುದಿಲ್ಲ. ಇದನ್ನು ಹೊರಮೈ ಮುಗಿದ ಮೇಲೆ ಮಾಡಲು ಹೋದರೆ ಕಪ್ಪು ಹನಿ ಬಿಳಿಯ ಮೇಲೆ ಬೀಳುವ ಭಯ.

ಹೊರಮೈಗೆ ತಿಳಿಬೂದು ಅಥವಾ ಬಿಳಿ ಪ್ರೈಮರ್. ಪ್ರೈಮರಿನ ಕೆಲಸ ಬಣ್ಣಕ್ಕೆ ಹಿಡಿತ ಕೊಡುವುದು, ಜೊತೆಗೆ ಮೈಯ ದೋಷಗಳನ್ನು ತೋರಿಸಿಕೊಡುವುದು. ಪ್ರೈಮರ್ ಬಿದ್ದ ಮೇಲಷ್ಟೇ ಕಾಣುವ ಗೀರು, ತೂತುಗಳನ್ನು ಪುಟ್ಟಿಯಿಂದ ತುಂಬಿ ಉಜ್ಜಿ, ಮತ್ತೊಮ್ಮೆ ಪ್ರೈಮರ್ ಕೊಡಿ. ಇಲ್ಲಿ ಅವಸರ ಮಾಡಿದವರ ಎಂಜಿನ್ನನ್ನು ದೂರದಿಂದಲೇ ಗುರುತಿಸಬಹುದು.

ಬಿಳಿಯನ್ನು ಹಚ್ಚುವಾಗ ನೆನಪಿಡಬೇಕಾದ ಲೆಕ್ಕವೊಂದಿದೆ. ಮಾದರಿಯ ಮೇಲೆ ಬಣ್ಣದ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಾದರೆ, ಅಸಲಿ ಎಂಜಿನ್ನಿನ ಲೆಕ್ಕದಲ್ಲಿ ಅದು ಸುಮಾರು ಒಂಬತ್ತು ಮಿಲಿಮೀಟರಿನ ಗಾರೆ! ಜಾಲರಿಯ ಸಂದು, ಬಾಗಿಲಿನ ಗೆರೆ, ಸ್ಕ್ರೂ ತಲೆ ಎಲ್ಲ ಹೂತುಹೋಗುತ್ತವೆ. ಬಿಳಿಗೆ ಮುಚ್ಚುವ ಶಕ್ತಿ ಕಡಿಮೆ, ಆದ್ದರಿಂದ ‘ಇನ್ನೊಂದು ಕೈ’ ಎಂಬ ಆಸೆ ಹೆಚ್ಚು. ಉಪಾಯ ಒಂದೇ: ಏರ್‌ಬ್ರಷ್ಷಿನಲ್ಲಿ ತೀರಾ ತೆಳುವಾಗಿ, ಒಂದರ ಮೇಲೊಂದು ನಾಲ್ಕೈದು ಮಂಜಿನಂಥ ಪದರ. ಮೊದಲ ಪದರದಲ್ಲಿ ಪ್ರೈಮರ್ ಇನ್ನೂ ಇಣುಕುತ್ತಿರಲಿ, ಚಿಂತೆಯಿಲ್ಲ. 0.3 ಅಥವಾ 0.4 ಮಿಲಿಮೀಟರಿನ ನಾಝಲ್, 15ರಿಂದ 20 ಪಿಎಸ್‌ಐ ಒತ್ತಡ, ಹತ್ತರಿಂದ ಹದಿನೈದು ಸೆಂಟಿಮೀಟರ್ ದೂರ. ಎಂಜಿನ್ನಿನ ತುದಿಗಿಂತ ಆಚೆಯೇ ಸಿಂಪಡಣೆ ಶುರುವಾಗಬೇಕು, ಆಚೆ ತುದಿ ದಾಟಿದ ಮೇಲೆ ನಿಲ್ಲಬೇಕು. ಮೈಮೇಲೆಯೇ ಗುಂಡಿ ಒತ್ತಿದರೆ ಅಲ್ಲೊಂದು ಹನಿ ಬಿದ್ದೇ ಬೀಳುತ್ತದೆ.

ನಮ್ಮ ಹವೆಗೂ ಇದರಲ್ಲಿ ಪಾಲಿದೆ. ಮಳೆಗಾಲದ ತೇವದಲ್ಲಿ ಲ್ಯಾಕರ್ ಬಣ್ಣ, ಲ್ಯಾಕರ್ ವಾರ್ನಿಷ್ ಸಿಂಪಡಿಸಿದರೆ ಗಾಳಿಯ ನೀರಿನಂಶ ಅದರಲ್ಲಿ ಸಿಕ್ಕಿ ಮೇಲ್ಮೈ ಮಂಕಾಗಿ ಬೆಳ್ಳಗೆ ಕವಿಯುತ್ತದೆ. ಬಿಳಿಯ ಮೇಲೆ ಇದು ತಿಳಿಯುವುದಿಲ್ಲ, ಕೆಂಪು ಪಟ್ಟಿಯ ಮೇಲೆ ಎದ್ದು ಕಾಣುತ್ತದೆ. ಕರಾವಳಿಯವರು ಜೂನ್, ಜುಲೈನಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆ ಇದಕ್ಕೆ ತದ್ವಿರುದ್ಧ: ಆಕ್ರಿಲಿಕ್ ಬಣ್ಣ ಸೂಜಿಯ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ. ಅಲ್ಲಿ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಒಂದೆರಡು ಹನಿ ಬೆರೆಸಿ, ಬೆಳಗಿನ ಹೊತ್ತು ಕೆಲಸ ಮಾಡಬೇಕು. ಲ್ಯಾಕರ್, ಎನಾಮೆಲ್ ಯಾವುದೇ ಇರಲಿ, ಥಿನ್ನರಿನ ಆವಿಯನ್ನು ಎನ್95 ಮಾಸ್ಕ್ ತಡೆಯುವುದಿಲ್ಲ. ಅದು ಹಿಡಿಯುವುದು ಹನಿ ಮತ್ತು ಕಣಗಳನ್ನು ಮಾತ್ರ. ಆವಿಗೆ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು, ಗಾಳಿಯಾಡುವ ಜಾಗ ಬೇಕು, ಹತ್ತಿರದಲ್ಲಿ ದೇವರ ದೀಪವಾಗಲಿ ಗ್ಯಾಸ್ ಒಲೆಯಾಗಲಿ ಉರಿಯುತ್ತಿರಬಾರದು.

ಬಿಳಿ ಪೂರ್ತಿ ಗಟ್ಟಿಯಾಗಲು ಎರಡು ದಿನ ಬಿಡಿ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಮೆತ್ತಗಿರುವ ಬಣ್ಣದ ಮೇಲೆ ಟೇಪು ಒತ್ತಿದರೆ ಅಚ್ಚು ಮೂಡುತ್ತದೆ. ಆಮೇಲೆ ಕೆಂಪು ಪಟ್ಟಿ. ಬಿಳಿ ಮೊದಲು, ಕೆಂಪು ನಂತರ ಎಂಬ ಕ್ರಮವನ್ನು ತಿರುಗಿಸಬೇಡಿ. ಕೆಂಪಿನ ಕಣಗಳು ಬೆಳಕನ್ನು ಪೂರ್ತಿ ತಡೆಯುವುದಿಲ್ಲ, ಕೆಳಗಿನ ಬಿಳಿ ಅದರ ಮೂಲಕ ಹೊಳೆದು ಪಟ್ಟಿಗೆ ಜೀವ ಬರುತ್ತದೆ. ಕೆಂಪಿನ ಮೇಲೆ ಬಿಳಿ ಹಚ್ಚಿದರೋ, ಎಷ್ಟು ಹಚ್ಚಿದರೂ ನಸುಗುಲಾಬಿ.

ಪಟ್ಟಿಯ ಅಂಚು ಗೆರೆ ಎಳೆದಂತೆ ಬರಲು ಒಂದು ಗುಟ್ಟಿದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯೋಗದ್ದು ಬೇರೆಯಿಲ್ಲ. ಮಾದರಿಕಾರರಿಗೆಂದೇ ಸಿಗುವ ತೆಳು ಕಾಗದದ ಮಾಸ್ಕಿಂಗ್ ಟೇಪನ್ನು (ತಮಿಯಾದ ಹಳದಿ ಟೇಪು ಎಲ್ಲರಿಗೂ ಗೊತ್ತಿರುವುದು) ಗಾಜಿನ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ ಅದರ ಅಂಚನ್ನು ಕತ್ತರಿಸಿ ತೆಗೆಯಿರಿ. ಸುರುಳಿಯ ಮೂಲ ಅಂಚಿಗೆ ಧೂಳು ಅಂಟಿರುತ್ತದೆ. ಅಳತೆ ಮಾಡಿ ಮೇಲೊಂದು ಕೆಳಗೊಂದು ಟೇಪು ಅಂಟಿಸಿ, ಹಲ್ಲುಕಡ್ಡಿಯ ಮೊಂಡು ತುದಿಯಿಂದ ಪ್ರತಿ ಸಂದಿಯಲ್ಲೂ ಒತ್ತಿ. ಈಗ ನೇರವಾಗಿ ಕೆಂಪು ಸಿಂಪಡಿಸದೆ, ಟೇಪಿನ ಅಂಚಿನ ಗುಂಟ ಮೊದಲು ಅದೇ ಬಿಳಿಯನ್ನು ಒಮ್ಮೆ ತೆಳುವಾಗಿ ಸಿಂಪಡಿಸಿ. ಟೇಪಿನಡಿ ಎಲ್ಲಾದರೂ ಸಂದು ಉಳಿದಿದ್ದರೆ ಅದರೊಳಗೆ ನುಗ್ಗುವುದು ಬಿಳಿ, ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ದಾರಿ ಮುಚ್ಚಿಹೋದ ಮೇಲೆ ಬರುವ ಕೆಂಪಿಗೆ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಕೆಂಪನ್ನೂ ಮೂರು ನಾಲ್ಕು ತೆಳು ಪದರಗಳಲ್ಲಿ ಮುಗಿಸಿ, ಕೊನೆಯ ಪದರ ಸ್ವಲ್ಪ ಆರಿದ ಕೂಡಲೇ ಟೇಪನ್ನು ಅದರ ಮೇಲೆಯೇ ಮಡಚಿ ಹಿಂದಕ್ಕೆ ನಿಧಾನ ಎಳೆಯಿರಿ. ಪೂರ್ತಿ ಒಣಗಲು ಬಿಟ್ಟರೆ ಬಣ್ಣದ ಚರ್ಮವೇ ಟೇಪಿನೊಂದಿಗೆ ಎದ್ದು ಬರಬಹುದು.

ಪಕ್ಕೆಯ ಪಟ್ಟಿ ಮೂತಿಯ ಕಡೆ ತಿರುಗುವ ಮೂಲೆ ಕಠಿಣವಾದದ್ದು. ಈ ಎಂಜಿನ್ನಿನ ಮೂತಿ ಇಳಿಜಾರು. ಅಲ್ಲಿ ನೇರ ಟೇಪು ಸೊಟ್ಟಗೆ ಹೋಗುತ್ತದೆ. ಮಾದರಿಯನ್ನು ಸಮತಟ್ಟಾದ ಗಾಜಿನ ಮೇಲಿಟ್ಟು, ಬೇಕಾದಷ್ಟು ಎತ್ತರಕ್ಕೆ ಮರದ ತುಂಡು ಪೇರಿಸಿ ಅದರ ಮೇಲೊಂದು ಪೆನ್ಸಿಲ್ ಮಲಗಿಸಿ, ಮೂತಿಯ ಸುತ್ತ ಸರಿಸುತ್ತಾ ಬಂದರೆ ಎಲ್ಲ ಕಡೆ ಒಂದೇ ಮಟ್ಟದ ಗೆರೆ ಬೀಳುತ್ತದೆ. ಆ ಗೆರೆಯ ಗುಂಟ ಒಂದೆರಡು ಮಿಲಿಮೀಟರ್ ಅಗಲದ ಸಣ್ಣ ಟೇಪು ಬಾಗಿಸಿ, ಹೊರಗಿನ ಜಾಗವನ್ನು ಅಗಲ ಟೇಪಿನಿಂದ ಮುಚ್ಚಿ.

ಬರಹಗಳಿಗೆ ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್ ಬಳಸುತ್ತಾರೆ. ಸಂಖ್ಯೆ, ವರ್ಗ, ಶೆಡ್ಡಿನ ಗುರುತು, ವಲಯದ ಹೆಸರಿನ ಸಂಕ್ಷೇಪ, ದುರಸ್ತಿಯ ದಿನಾಂಕ, ಹೀಗೆ ನೋಡಿದಷ್ಟೂ ಬರಹ. ಕೆಲವು ಎಂಜಿನ್‌ಗಳಲ್ಲಿ ಸಂಖ್ಯೆ ಹಿಂದಿ ಅಂಕಿಗಳಲ್ಲೂ ಇರುತ್ತದೆ. ಕೆಲವಕ್ಕೆ ಮೈತುಂಬ ಜಾಹೀರಾತಿನ ವಿನೈಲ್ ಹೊದಿಕೆ ಬಂದು ಹೋಗಿರುತ್ತದೆ. ನೀವು ಗೊತ್ತು ಮಾಡಿಕೊಂಡ ಆ ದಿನದಂದು ಏನಿತ್ತೋ ಅದು ಮಾತ್ರ ಬರಲಿ. ಬಿಳಿ ಮೈಮೇಲಿನ ಗಾಢ ಅಕ್ಷರಗಳನ್ನು ಪಾರದರ್ಶಕ ಡೆಕಾಲ್ ಕಾಗದದಲ್ಲಿ ಲೇಸರ್ ಪ್ರಿಂಟರಿನಿಂದ ಮನೆಯಲ್ಲೇ ಮುದ್ರಿಸಬಹುದು. ಇಂಕ್‌ಜೆಟ್ಟಿನಲ್ಲಿ ಮುದ್ರಿಸಿದರೆ ನೀರಿಗೆ ಹಾಕುವ ಮುನ್ನ ವಾರ್ನಿಷ್ ಸಿಂಪಡಿಸಬೇಕು, ಇಲ್ಲವಾದರೆ ಶಾಯಿ ಕದಡುತ್ತದೆ. ಕೆಂಪಿನ ಮೇಲೆ ಬಿಳಿ ಅಕ್ಷರ ಬೇಕಿದ್ದರೆ ಮನೆಯ ಪ್ರಿಂಟರ್ ಸಾಲದು, ಅದರಲ್ಲಿ ಬಿಳಿ ಶಾಯಿ ಇರುವುದಿಲ್ಲ. ಬಿಳಿ ಟೋನರ್ ಇರುವಲ್ಲಿ ಮುದ್ರಿಸಿಕೊಳ್ಳಬೇಕು. ಅಸಲಿಯಲ್ಲಿ 200 ಮಿಲಿಮೀಟರ್ ಎತ್ತರದ ಅಂಕಿ ಮಾದರಿಯಲ್ಲಿ 2.3 ಮಿಲಿಮೀಟರ್ ಆಗುತ್ತದೆ. ಓದಲು ಬರಲೆಂದು ದೊಡ್ಡದು ಮಾಡಿದರೆ ಇಡೀ ಶ್ರಮ ಮಣ್ಣುಪಾಲು.

ಡೆಕಾಲ್ ಕೂರಿಸುವ ಮುನ್ನ ಮೈಗೆ ಹೊಳಪಿನ ವಾರ್ನಿಷ್ ಬೇಕೇ ಬೇಕು. ಮಂಕು ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ತರಿತರಿ. ಆ ಹಳ್ಳಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಡೆಕಾಲಿನ ಪೊರೆ ಬೆಳ್ಳಿಯಂತೆ ಮಿನುಗಿ ಗುಟ್ಟು ರಟ್ಟಾಗುತ್ತದೆ. ನುಣುಪು ಮೈಮೇಲೆ ಕೂರಿಸಿ, ಪೊರೆಯನ್ನು ಮೆತ್ತಗಾಗಿಸುವ ದ್ರಾವಣವನ್ನು ಬ್ರಷ್ಷಿನಲ್ಲಿ ಸವರಿದರೆ ಅದು ಬಣ್ಣಕ್ಕೇ ಅಂಟಿಕೊಂಡಂತೆ ಕೂರುತ್ತದೆ. ಇದರ ಮೇಲೆ ಅರೆಹೊಳಪಿನ ವಾರ್ನಿಷ್ ಒಂದು ಪದರ.

ಕೊಳೆಯ ವಿಷಯದಲ್ಲಿ ಕೈ ಹಿಡಿತದಲ್ಲಿರಬೇಕು. ದುಡಿಯುವ ಎಂಜಿನ್ನಿನಲ್ಲಿ ಕೊಳೆ ಕೂರುವ ಜಾಗಕ್ಕೆಲ್ಲ ಕಾರಣವಿರುತ್ತದೆ. ಬ್ರೇಕ್ ಸವೆದು ಹಾರುವ ಕಂದು ಪುಡಿ ಗಾಲಿ ಚೌಕಟ್ಟಿನ ಮೇಲೆ ಕೂರುತ್ತದೆ. ಕಂದು ಪಿಗ್ಮೆಂಟ್ ಪುಡಿಯನ್ನು ಒಣ ಬ್ರಷ್ಷಿನಲ್ಲಿ ತಾಗಿಸಿದರೆ ಅದು ಬರುತ್ತದೆ. ಪ್ಯಾಂಟೋಗ್ರಾಫಿನ ಪಟ್ಟಿ ತಂತಿಗೆ ಉಜ್ಜಿ ಸವೆದ ಪುಡಿ ಛಾವಣಿಯ ಮೇಲೆ, ಪ್ಯಾಂಟೋಗ್ರಾಫಿನ ಸುತ್ತ ಹೆಚ್ಚು, ದೂರ ಹೋದಂತೆ ಕಡಿಮೆ. ಮಳೆನೀರು ಛಾವಣಿಯ ಅಂಚಿನಿಂದ ಇಳಿದ ಜಾಗದಲ್ಲಿ ಬಿಳಿ ಮೈಮೇಲೆ ನೇರ ಕೆಳಮುಖ ಗೆರೆಗಳು, ತೀರಾ ತಿಳಿಯಾಗಿ. ಬಾಗಿಲ ಸಂದಿಗೆ ಕಪ್ಪು ಇಳಿಸಿದರೆ ಬಿಳಿ ಎಂಜಿನ್ ಚಿತ್ರಕಥೆಯ ಎಂಜಿನ್ನಾಗುತ್ತದೆ, ನಡುಬೂದು ಸಾಕು. ಇಷ್ಟೆಲ್ಲ ಮಾಡುವವರೂ ಮರೆಯುವುದು ಮುಂದಿನ ಗಾಜನ್ನು. ಓಡುವ ಎಂಜಿನ್ನಿನ ಮೂತಿಗೆ ಧೂಳು, ಹುಳುಗಳ ಕಲೆ ಮೆತ್ತಿರುತ್ತದೆ. ಗಾಜಿನ ಮೇಲೆ ವೈಪರ್ ಆಡಿದ ಕಮಾನಿನಷ್ಟು ಜಾಗ ಮಾತ್ರ ಸ್ವಚ್ಛ. ಟೇಪಿನಲ್ಲಿ ಆ ಕಮಾನು ಕತ್ತರಿಸಿ ಗಾಜಿಗೆ ಅಂಟಿಸಿ, ಧೂಳುಬಣ್ಣ ಬೆರೆತ ಮಂಕು ವಾರ್ನಿಷ್ಷನ್ನು ದೂರದಿಂದ ಒಮ್ಮೆ ಹಾಯಿಸಿ ಟೇಪು ತೆಗೆಯಿರಿ. ಆ ಕ್ಷಣದಲ್ಲಿ ಮಾದರಿಗೆ ಬರುವ ಜೀವವನ್ನು ಬೇರಾವ ಕುಸುರಿಯೂ ಕೊಡಲಾರದು.

ಮರುಜೋಡಿಸುವ ಮೊದಲು ಗಾಲಿಯ ಹಳಿ ತಾಗುವ ಭಾಗವನ್ನೂ ವಿದ್ಯುತ್ ಹಿಡಿಯುವ ಲೋಹದ ಪಟ್ಟಿಗಳನ್ನೂ ಐಸೋಪ್ರೊಪೈಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಒಂದು ಚುಕ್ಕೆ ಬಣ್ಣ ಉಳಿದರೂ ಎಂಜಿನ್ ಮುಗ್ಗರಿಸುತ್ತದೆ. ಪ್ಯಾಂಟೋಗ್ರಾಫಿನ ಕೀಲುಗಳಿಗೆ ಬಣ್ಣ ತುಂಬಿಸಬೇಡಿ. ಉಳಿದ ಬಿಳಿ, ಕೆಂಪುಗಳನ್ನು ಎರಡು ಚಿಕ್ಕ ಶೀಸೆಗಳಲ್ಲಿ ಬಿಗಿಯಾಗಿ ಮುಚ್ಚಿ, ಯಾವ ಬಣ್ಣ ಎಷ್ಟು ಹನಿ ಬೆರೆಸಿದಿರೆಂಬುದನ್ನೂ ಎಂಜಿನ್ನಿನ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು ಅಂಟಿಸಿಡಿ. ಕೈಪಿಡಿ ಸರಳನ್ನು ಕೂರಿಸುವಾಗ ಎಲ್ಲಾದರೂ ಒಂದು ಗೀರು ಬೀಳುವುದು ಸಾಮಾನ್ಯ, ಅದನ್ನು ತಿದ್ದಲು ಅದೇ ಬಣ್ಣ ಬೇಕಾಗುತ್ತದೆ.